ಬ್ಯಾಟರಾಯಪ್ಪನ ಸೈಕಲ್ಲು

ಎಪ್ಪತ್ತೆಂಟನೇ ಇಸವಿಯಲ್ಲಿ ನನ್ನ ಹತ್ತಿರ ಮೂರು ಸೈಕಲ್ಲುಗಳಿದ್ದವು. ಒಂದು ಕಾರ್ಖಾನೆಗೆ, ಇನ್ನೊಂದು ಸಂತೆಗೆ. ಮೂರನೆಯದು ಬಾಗಲೂರಿನಲ್ಲಿ ತೀರಿಹೋದ ಬ್ಯಾಟರಾಯಪ್ಪನದು, ಆಸೆಪಟ್ಟು ಕೊಂಡದ್ದು. ಅದರ ಚೈನ್ ಕವರಿನ ಮೇಲೆ ಅವನ ಹೆಸರು ಚೆಂದವಾಗಿ ಬರೆದಿತ್ತು. ಅಳಿಸಲು ಮನಸ್ಸು ಬರದೆ, ಆಯುಧಪೂಜೆಯ ದಿನ ಹೆಸರಿನ ಮೇಲೆಯೇ ಕುಂಕುಮ ಇಟ್ಟೆ.

ಅಂದಿನಿಂದ ಅಲ್ಲಾಳಸಂದ್ರದ ಕೆರೆ ಏರಿ ಹತ್ತುವಾಗೆಲ್ಲ ಖಾಲಿ ಕ್ಯಾರಿಯರ್ ಭಾರವಾಗುತ್ತಿತ್ತು. ಬಿಸಿಲಲ್ಲೂ ಬೆನ್ನಿಗೆ ತಣ್ಣನೆಯ ಉಸಿರು ತಾಕುತ್ತಿತ್ತು. ಇಳಿದು ತಳ್ಳಿದರೆ ಹಗುರ.

ಹೆಂಡತಿ ಮುನಿನಾರಾಯಣಮ್ಮ ಹಟ ಹಿಡಿದಳು. "ಸತ್ತೋರ ಹೆಸ್ರಿಗೆ ಕುಂಕುಮ ಇಟ್ಟು ಕರ್ದ್ರೆ ಬರ್ದೆ ಇರ್ತಾರಾ? ಮಾರ್ಬುಡಿ. ಮನೇಲಿ ಅದಿರ್ಬೇಕು, ಇಲ್ಲಾ ನಾನಿರ್ಬೇಕು."

"ಇಬ್ರೂ ಇರಿ" ಎಂದು ಹೊರಟೆ.

ಆ ಸಂಜೆ ಏರಿಯ ಮೇಲೆ ಮತ್ತೆ ಭಾರವಾಯಿತು. ನಾನು ಇಳಿಯಲಿಲ್ಲ. "ಲೋ ಬ್ಯಾಟರಾಯಪ್ಪ, ಕೂತ್ಕೊಳ್ಳೋದಾದ್ರೆ ಕೂತ್ಕೊ. ಸೈಕಲ್ ಮಾತ್ರ ನಂದು ಕಣೋ!" ಎಂದು ಕೂಗಿ, ಸೀಟಿನಿಂದೆದ್ದು ನಿಂತು ತುಳಿದೆ. ಏರಿ ದಾಟುವವರೆಗೂ ಯಾರೋ ಸೊಂಟ ಹಿಡಿದುಕೊಂಡಂತಿತ್ತು. ಮನೆಗೆ ಬಂದು ನೋಡಿದರೆ, ಶರಟು ಅಲ್ಲಿ ಮಾತ್ರ ಒದ್ದೆಯಾಗಿತ್ತು.

ಸೈಕಲ್ ಇವತ್ತಿಗೂ ಮನೆಯಲ್ಲಿದೆ, ಹೆಂಡತಿಯೂ ಇದ್ದಾಳೆ. ಮುಂದಿನ ಚಕ್ರಕ್ಕೆ ವಾರಕ್ಕೊಮ್ಮೆ ಗಾಳಿ ಹೊಡೆಯುತ್ತೇನೆ. ಹಿಂದಿನದಕ್ಕೆ ಆ ಸಂಜೆಯ ಮೇಲೆ ಒಮ್ಮೆಯೂ ಹೊಡೆದಿಲ್ಲ. ಅದು ಕಲ್ಲಿನಂತೆ ಗಟ್ಟಿಯಾಗಿಯೇ ಇದೆ.