ಒಂದೂವರೆ ಸೆಂಟಿಮೀಟರಿನ ಜಗಳ

"ಶ್...! ಒಂದು ನಿಮಿಷ ಬಾಯಿ ಮುಚ್ಕೊಂಡಿರ್ತೀರಾ?"

ಹೊಸ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಯಾರಾದರೂ ತನಗೆ ಹೀಗೆ ಹೇಳಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಅವಳು ಕೇಳಿದ್ದಾದರೂ ಏನು? "ಏನ್ರೀ, ಹುಷಾರಾಗಿದ್ದೀರಾ?" ಅಷ್ಟೇ!

ಹೇಳಿದವನೋ, ನೆಲದ ಮೇಲೆ ಬೋರಲಾಗಿ ಮಲಗಿದ್ದ. ಗೇಣುದ್ದ ಮೇಲೆದ್ದಿದ್ದ ಕಬ್ಬಿಣದ ಪೈಪಿನ ಬಾಯಿಗೆ ಕಿವಿ ಒತ್ತಿ ಕಣ್ಣು ಮುಚ್ಚಿಕೊಂಡಿದ್ದ. ಪಕ್ಕದ ರೈಲ್ವೆ ಗೇಟಿನ ಬಳಿ ಗೂಡ್ಸ್ ಗಾಡಿಯೊಂದು ಸಿಗ್ನಲ್ಲಿಗೆ ಕಾಯುತ್ತ ನಿಂತಿತ್ತು.

'ಕುಡಿದಿದ್ದಾನಾ? ಹೊತ್ತು ನೋಡಿದರೆ ಬೆಳಗ್ಗೆ ಹತ್ತೂಕಾಲು...'

ಅಷ್ಟರಲ್ಲಿ ಪೈಪಿನ ಆಳದಿಂದ ಸಣ್ಣದೊಂದು ಸದ್ದು ಬಂತು. ಗುಳುಂ!

ಅವನ ಮುಖ ಅರಳಿತು. "ಕೇಳಿಸ್ತಾ? ಟೇಪಿನ ಗುಂಡು ನೀರಿಗೆ ತಾಗಿತು!"

"ಕೇಳಿಸ್ತು. ನಾನು ಅಂತರ್ಜಲ ಕಚೇರಿಗೆ ಬಂದಿರೋ ಹೊಸ ವಿಜ್ಞಾನಿ. ಈ ಬಾವಿ ನೋಡೋಕೇ ಬಂದೆ."

ಅವನು ಧಡಕ್ಕನೆ ಎದ್ದು ನಿಂತ. ಅರ್ಧ ಮುಖದ ತುಂಬ ಮಣ್ಣು. "ಅಯ್ಯೋ ದೇವ್ರೇ! ಮೇಡಂ ನೀವೇನಾ? ಬಾಯಿ ಮುಚ್ಕೊಂಡಿರಿ ಅಂದ್ಬಿಟ್ನಲ್ಲಾ!"

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು!

ಅವನು ಆ ಕಚೇರಿಯ ಅಳತೆಗಾರ. ಊರಿನ ಸುತ್ತ ನೆಲದೊಳಕ್ಕೆ ಪೈಪು ಇಳಿಸಿದ ಏಳು ಅಳತೆ ಬಾವಿಗಳು, ಒಂದೊಂದರಲ್ಲೂ ನೀರು ಎಷ್ಟು ಆಳಕ್ಕಿದೆ ಎಂದು ಪ್ರತಿ ಬುಧವಾರ ಸೈಕಲ್ಲಿನಲ್ಲಿ ಸುತ್ತಿ ಬರೆದುಕೊಂಡು ಬರುವುದು ಅವನ ಕೆಲಸ. ಯಾವಾಗ ನೋಡಿದರೂ ಹೆಗಲಲ್ಲಿ ಉಕ್ಕಿನ ಟೇಪು ನೇತಾಡುತ್ತಿದ್ದುದರಿಂದ ಕಚೇರಿಯಲ್ಲಿ ಎಲ್ಲರೂ ಅವನನ್ನು ಟೇಪು ಎಂದೇ ಕರೆಯುತ್ತಿದ್ದರು. ಇನ್ನು ಅವಳು? ಬಂದ ಮೂರನೇ ದಿನವೇ, ಒಂದು ಚುಕ್ಕೆ ಬಿಟ್ಟುಹೋಗಿದೆ ಎಂದು ಗುಮಾಸ್ತರ ಫೈಲನ್ನು ವಾಪಸ್ ಕಳಿಸಿದ ಪುಣ್ಯಕ್ಕೆ 'ದಶಾಂಶ ಮೇಡಂ' ಆಗಿಬಿಟ್ಟಿದ್ದಳು!

ಟೇಪಿನ ಕೊನೆಯ ಒಂದು ಮೊಳಕ್ಕೆ ಸೀಮೆಸುಣ್ಣ ಬಳಿದು ಇಳಿಸಬೇಕು. ಮೇಲೆತ್ತಿದಾಗ ನೆನೆದ ಸುಣ್ಣ ಎಲ್ಲಿ ಕಪ್ಪಾಗಿದೆಯೋ ಅಲ್ಲಿಯವರೆಗೆ ನೀರು. ಇದನ್ನು ಅವಳು ಪುಸ್ತಕದಲ್ಲಿ ಓದಿದ್ದಳು. ಅವನು ಕೈಯಲ್ಲಿ ಮಾಡಿ ತೋರಿಸಿದ.

"ನೋಡಿ ಮೇಡಂ, ನೀರು ತಾನೇ ಸಹಿ ಹಾಕಿ ಕಳಿಸುತ್ತೆ. ನಾನು ಬರೀ ಪೋಸ್ಟ್‌ಮನ್."

ಆಮೇಲೆ ಅವಳು ಬುಧವಾರಗಳಂದು ಒಂದಲ್ಲ ಒಂದು ನೆಪ ಹೂಡಿ ಯಾವುದಾದರೂ ಬಾವಿಯ ಬಳಿ ಹಾಜರಾಗತೊಡಗಿದಳು. ಅವನ ತಲೆಯ ತುಂಬ ಪ್ರಶ್ನೆಗಳು!

"ಮೇಡಂ, ಈ ಕೆಳಗಿರೋ ನೀರಿಗೆ ಎಷ್ಟು ವಯಸ್ಸು?"

"ಕೆಲವು ಕಡೆ ಸಾವಿರಾರು ವರ್ಷ ಆಗಿರುತ್ತೆ."

"ಅಬ್ಬಬ್ಬಾ! ನಮ್ಮಜ್ಜಿಗೂ ಮುತ್ತಜ್ಜಿ! ಇನ್ಮೇಲೆ 'ನೀರು ಬಂತು' ಅನ್ನಬಾರದು, 'ನೀರು ಬಂದ್ರು' ಅನ್ಬೇಕು."

ಮನೆಯಲ್ಲಿ ಅಕ್ಕ ಸುಮ್ಮನಿರುತ್ತಾಳೆಯೇ? "ಏನೇ ಇದು, ಬುಧವಾರ ಬಂದ್ರೆ ಸಾಕು, ಕನ್ನಡಿ ಮುಂದೆ ಅರ್ಧ ಗಂಟೆ! ಬಾವಿಗೆ ಬೀಳೋಕೆ ಇಷ್ಟೊಂದು ಅಲಂಕಾರನಾ?"

"ಸುಮ್ನಿರಕ್ಕಾ, ನಿಂಗೆ ಬೇರೆ ಕೆಲ್ಸ ಇಲ್ಲ!" ಎಂದವಳ ಕಿವಿಯೆಲ್ಲ ಕೆಂಪು.

ಒಂದು ದಿನ ಅವನು ಟೇಪು ಸುತ್ತುತ್ತ, ತಲೆ ಎತ್ತದೆಯೇ ಹೇಳಿದ.

"ಎಂಟು ವರ್ಷದಿಂದ ದಿನಗೂಲಿ ಮೇಡಂ. ಈ ಸಲ ಕಾಯಂ ಮಾಡೋ ಫೈಲು ಸಾಹೇಬರ ಟೇಬಲ್ಲಿಗೆ ಬಂದಿದೆ. ಅದೊಂದಾದ್ರೆ... ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರೋಣ ಅಂತಿದೀನಿ. ಬರಬಹುದಾ?"

"ಬನ್ನಿ," ಎಂದಳು. ಟೇಪಿನ ಆ ತುದಿ ಹಿಡಿದು ತಾನೂ ಸುತ್ತತೊಡಗಿದಳು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಅವಳು ಕೆಲಸಕ್ಕೆ ಬಂದ ಹೊಸತರಲ್ಲೇ ಏಳೂ ಬಾವಿಗಳಿಗೆ, ನೀರಿನ ಮಟ್ಟವನ್ನು ತನ್ನಷ್ಟಕ್ಕೆ ದಾಖಲಿಸುವ ಯಂತ್ರ ಹಾಕಿಸಿದ್ದಳು; ಮೂರು ತಿಂಗಳಾದ ಮೇಲೆ ಅದರ ಲೆಕ್ಕ ಕೈಗೆ ಬಂತು. ಬ್ಯಾಟರಿ ಉಳಿಯಲೆಂದು, ದಿನಕ್ಕೊಮ್ಮೆ ಬೆಳಗ್ಗೆ ಆರು ಗಂಟೆಗೆ ಮಾತ್ರ ಅಳೆಯುವಂತೆ ಅವಳೇ ಅದನ್ನು ಹೊಂದಿಸಿದ್ದಳು.

ಯಂತ್ರದ ಅಂಕಿ ಒಂದು ಕಡೆ, ಅವನ ಪುಸ್ತಕ ಒಂದು ಕಡೆ ಇಟ್ಟುಕೊಂಡು ಕೂತಳು. ಆರು ಬಾವಿಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. 'ನನ್ನ ಟೇಪು!' ಎಂದು ಒಳಗೊಳಗೇ ಬೀಗಿದಳು.

ಏಳನೆಯದಕ್ಕೆ ಬಂದಾಗ ಕೈ ನಿಂತುಬಿಟ್ಟಿತು.

ರೈಲ್ವೆ ಗೇಟಿನ ಪಕ್ಕದ ಬಾವಿ. ಪ್ರತಿ ಬುಧವಾರವೂ ನೀರು ಯಂತ್ರ ಹೇಳಿದ್ದಕ್ಕಿಂತ ಒಂದೂವರೆ ಸೆಂಟಿಮೀಟರ್ ಮೇಲಿದೆ ಎಂದು ಅವನು ಬರೆದಿದ್ದ. ಒಂದು ವಾರವಾದರೆ ಕೈತಪ್ಪು ಎನ್ನಬಹುದು. ಹದಿಮೂರು ವಾರವೂ?

'ಏಳನೇ ಬಾವಿ ಊರಾಚೆ. ಬಿಸಿಲಲ್ಲಿ ಅಲ್ಲೀತನಕ ಯಾರು ಹೋಗ್ತಾರೆ ಅಂತ ಎಲ್ಲೋ ಕೂತು ಬರೆದುಬಿಟ್ಟನಾ? ಮೊದಲ ದಿನ ಅಲ್ಲೇ ಮಣ್ಣಲ್ಲಿ ಮಲಗಿದ್ದನ್ನ ಕಂಡೆ, ಸರಿ; ಆಮೇಲೆ ನಾನು ಬರ್ತೀನಿ ಅಂತ ಗೊತ್ತಿದ್ದ ದಿನ ಮಾತ್ರ ಹೋದನಾ?'

ಅವನನ್ನು ಕರೆದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಅವನು ಏನು ಹೇಳಿದರೂ ನಂಬಿಬಿಡುತ್ತೇನೆ ಎಂಬ ಭಯ ಅವಳಿಗೆ! ಪ್ರೀತಿಸಿದವನೆಂದು ಅಂಕಿಯನ್ನು ಮುಚ್ಚಿಟ್ಟರೆ ತಾನೆಂಥ ವಿಜ್ಞಾನಿ? ಕಣ್ಣೊರೆಸಿಕೊಂಡು ಸಾಹೇಬರಿಗೆ ಟಿಪ್ಪಣಿ ಬರೆದಳು: 'ಏಳನೇ ಬಾವಿಯ ಅಳತೆಗಳು ನಂಬಲರ್ಹವಲ್ಲ. ಅಳತೆಗಾರರು ಸ್ಥಳಕ್ಕೆ ಹೋಗದೆಯೇ ಬರೆದಿರುವ ಸಾಧ್ಯತೆ ಇದೆ.'

ಮರುದಿನವೇ ಅವನು ಅವಳ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಸಾಹೇಬರು ಕೊಟ್ಟ ನೋಟಿಸು.

"ಇದನ್ನ ನೀವೇ ಬರೆದ್ರಾ?"

"ಹದಿಮೂರು ವಾರ ಒಂದೇ ಥರ ತಪ್ಪಿದೆ. ಅಂಕಿ ಸುಳ್ಳು ಹೇಳಲ್ಲ..."

"ನಾನು ಹೇಳ್ತೀನಾ?"

ಅವಳು ಕಣ್ಣು ತಗ್ಗಿಸಿ ಮುಂದಿದ್ದ ಫೈಲಿನ ಹಾಳೆ ತಿರುವಿದಳು. ಅದನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು. ಹೆಗಲಿನ ಟೇಪು ತೆಗೆದು ಅವಳ ಮೇಜಿನ ಮೇಲಿಟ್ಟ.

"ಒಂದು ಮಾತು ನನ್ನ ಕೇಳಬಹುದಿತ್ತು ಮೇಡಂ," ಎಂದು ಹೇಳಿ ಹೊರಟೇಹೋದ.

ಸಾಹೇಬರು ಕೇಳಿದ ವಿವರಣೆಗೆ ಅವನು ಬರೆದುಕೊಟ್ಟದ್ದು ಒಂದೇ ಸಾಲು: 'ಟೇಪು ತೋರಿಸಿದ್ದನ್ನೇ ಬರೆದಿದ್ದೇನೆ.' ಮುಂದಿನ ಬುಧವಾರ ಮಧ್ಯಾಹ್ನ ಮೂರಕ್ಕೆ ಸಭೆ. ಅವನನ್ನು ಕಾಯಂ ಮಾಡುವುದೋ, ಕೆಲಸದಿಂದಲೇ ಬಿಡಿಸುವುದೋ, ಅಂದೇ ತೀರ್ಮಾನ.

ಆ ವಾರವೆಲ್ಲ ಅವಳಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಅಕ್ಕ ಕೇಳಿ ಕೇಳಿ ಸೋತಳು.

ಬುಧವಾರ ಬಂತು. ಅಳೆಯಲು ಯಾರೂ ಇಲ್ಲ. ಅವಳೇ ಟೇಪು ಹೆಗಲಿಗೇರಿಸಿ ಏಳನೇ ಬಾವಿಗೆ ಹೊರಟಳು. ತಲುಪಿದಾಗ ಹತ್ತೂಕಾಲು. ಅವತ್ತಿನ ಬೆಳಗಿನ ಆರು ಗಂಟೆಯ ಅಂಕಿಯನ್ನು ಯಂತ್ರದಿಂದ ಬರೆದುಕೊಂಡಳು. ಸುಣ್ಣ ಬಳಿದಳು, ಇಳಿಸಿದಳು, ಎತ್ತಿದಳು, ಎರಡು ಅಂಕಿಗಳನ್ನೂ ಕಳೆದು ನೋಡಿದಳು.

ಒಂದೂವರೆ ಸೆಂಟಿಮೀಟರ್ ಮೇಲೆ!

'ಇಲ್ಲ... ನಾನೇ ಸರಿಯಾಗಿ ಇಳಿಸಿಲ್ಲ, ಅದಕ್ಕೇ.' ಟೇಪು ಒರೆಸಿ ಮತ್ತೆ ಇಳಿಸಿದಳು. ಅದೇ ಅಂಕಿ. ಅವನ ಅಂಕಿ!

ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಗೂಡ್ಸ್ ಗಾಡಿ ಕೂಗು ಹಾಕಿ, ನೆಲವನ್ನೇ ಅದುರಿಸುತ್ತ ಹೊರಟುಹೋಯಿತು. ಅವಳು ಹಟ ಹಿಡಿದು ಮೂರನೆಯ ಸಲ ಇಳಿಸಿದಳು.

ನೀರು ಕೆಳಗಿಳಿದಿತ್ತು! ಬೆಳಗಿನ ಮಟ್ಟಕ್ಕಿಂತಲೂ ಒಂದಿಷ್ಟು ಕೆಳಗೆ!

'ಏನಾಯ್ತು ಈ ನೀರಿಗೆ? ತಲೆ ಕೆಟ್ಟಿದೆಯಾ?'

ಟೇಪು ಅಲ್ಲೇ ಬಿಟ್ಟು ರೈಲ್ವೆ ಗೇಟು ಕಾಯುವ ತಾತನ ಬಳಿ ಓಡಿದಳು. "ತಾತಾ, ಆ ಗೂಡ್ಸು ದಿನಾ ಬರುತ್ತಾ?"

"ದಿನಾ ಎಲ್ಲಿಂದಮ್ಮಾ? ಬುಧವಾರ ಮಾತ್ರ. ಹತ್ತು ಗಂಟೆ ಆಸುಪಾಸಿಗೆ ಬಂದು ಇಲ್ಲೇ ಬಿದ್ಕೊಂಡಿರುತ್ತೆ. ನಿಮ್ಮ ಟೇಪು ಹುಡುಗ ಬಂದು ನೆಲಕ್ಕೆ ಕಿವಿ ಕೊಡೋ ಹೊತ್ತಿಗೆ ಸರಿಯಾಗಿ. ಎಂಟು ವರ್ಷದಿಂದ ನೋಡ್ತಿದೀನಿ, ಮಳೆ ಇರಲಿ ಬಿಸಿಲಿರಲಿ, ಒಂದು ವಾರ ತಪ್ಪಿಸಿಲ್ಲ ಪುಣ್ಯಾತ್ಮ."

ಒಂದು ವಾರ ತಪ್ಪಿಸಿಲ್ಲ!

ಆದರೂ ದಶಾಂಶ ಮೇಡಂ ಅಲ್ಲವೇ? ಬಾಯಿಮಾತಿಗೆ ಬಿಡುವವಳಲ್ಲ. ಮುಂದಿನ ಗಾಡಿ ಮಧ್ಯಾಹ್ನ ಒಂದೂಮುಕ್ಕಾಲಿಗೆ ಎಂದು ತಿಳಿದು, ಬಾವಿಯ ಬಳಿಗೆ ಮರಳಿ ಕಾದಳು. ಗಾಡಿ ಬರುವ ಮುಂಚೆ ಅಳೆದಳು, ಬಂದು ನಿಂತಾಗ ಅಳೆದಳು, ಹೋದ ಮೇಲೆ ಅಳೆದಳು. ಗಾಡಿ ಬಂದಾಗ ನೀರು ಏರಿತು, ಹೋದಾಗ ಇಳಿಯಿತು. ಸಂತೋಷಕ್ಕೆ ಕುಣಿಯಬೇಕೆನಿಸಿತು, ಮರುಗಳಿಗೆಯೇ ಅಳು ಒತ್ತರಿಸಿ ಬಂತು.

ಜೊತೆಗೆ ತಂದಿದ್ದ ಅವನ ಪುಸ್ತಕ ತೆರೆದು ನೋಡಿದಳು. ಈ ಬಾವಿಯ ಪ್ರತಿ ಸಾಲಿನಲ್ಲೂ ಸಮಯ ಬರೆದಿದ್ದ. ಹತ್ತೂಕಾಲು, ಹತ್ತೂಕಾಲು, ಹತ್ತೂಕಾಲು... ಅವಳು ಆ ಕಡೆ ಕಣ್ಣೇ ಹಾಯಿಸಿರಲಿಲ್ಲ. ವಿಪರ್ಯಾಸ ನೋಡಿ, ಆ ಮನುಷ್ಯ ವಾರ ವಾರವೂ ಸೋಮಾರಿಯಾಗಿ ತಡವಾಗಿ ಬಂದಿದ್ದರೆ ಈ ಜಗಳ ಹುಟ್ಟುತ್ತಿರಲಿಲ್ಲ!

ಗಡಿಯಾರ ನೋಡಿದರೆ ಎರಡೂವರೆ. ಬಿದ್ದೆನೋ ಎದ್ದೆನೋ ಎಂದು ಕಚೇರಿಗೆ ಓಡಿದಳು.

ಸಭೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಅವಳನ್ನು ಕಂಡು ಮುಖ ತಿರುಗಿಸಿದ. ಅವಳು ಸೀದಾ ಒಳಗೆ ನುಗ್ಗಿದಳು.

"ಸರ್, ನನ್ನ ಟಿಪ್ಪಣಿ ತಪ್ಪು! ವಾಪಸ್ ತಗೋತೀನಿ."

ಸಾಹೇಬರು ಕನ್ನಡಕ ಸರಿಮಾಡಿಕೊಂಡು, ಮುಖದ ತುಂಬ ಸೀಮೆಸುಣ್ಣ ಬಳಿದುಕೊಂಡು ನಿಂತ ವಿಜ್ಞಾನಿಯನ್ನು ಮೇಲಿನಿಂದ ಕೆಳಗೆ ನೋಡಿದರು. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿ ಅಂಕಿಗಳನ್ನು ಮುಂದಿಟ್ಟಳು. ಅವರು ಎರಡೆರಡು ಸಲ ಓದಿದರು.

"ನೋಡಮ್ಮಾ, ಇಲ್ಲಿ ನೀನು ಬರೆದ ಮೊದಲ ವರದಿ ಇದು. ತಪ್ಪು ಅಂತ ನೀನೇ ಬರೆದುಕೊಟ್ರೆ ಅದು ನಿನ್ನ ಫೈಲಲ್ಲೂ ಉಳಿಯುತ್ತೆ. ಸುಮ್ನೆ 'ಮರುಪರಿಶೀಲನೆ ಮಾಡಲಾಗಿದೆ' ಅಂತ ಬರೆದ್ರೆ ಸಾಕು."

ಅವಳಿಗೂ ಆಸೆಯಾಯಿತು. ಸುಳ್ಳೇಕೆ ಹೇಳಬೇಕು, ಒಂದು ಗಳಿಗೆ ಆಸೆಯಾಯಿತು. ಆದರೆ ಬೆಂಚಿನ ಮೇಲೆ ಕೂತವನ ಮುಖ ಕಣ್ಣ ಮುಂದೆ ಬಂತು.

"ಉಳೀಲಿ ಸರ್. ಅವರ ಹೆಸರಿಗೆ ಹಚ್ಚಿದ ಮಸಿ ಪೂರ್ತಿ ಹೋಗ್ಬೇಕು." ಕಾಗದ ಎಳೆದುಕೊಂಡು ಬರೆದಳು: 'ಅಳತೆಗಾರರ ಅಂಕಿಗಳೆಲ್ಲ ಸರಿ. ಅವರನ್ನು ವಿಚಾರಿಸದೆ ನಾನು ಮಾಡಿದ ತೀರ್ಮಾನ ತಪ್ಪು.' ಕೆಳಗೆ ಸಹಿ ಹಾಕಿದಳು.

ಅರ್ಧ ಗಂಟೆಯಲ್ಲಿ ಅವನ ಫೈಲಿಗೂ ಸಹಿ ಬಿತ್ತು.

ಅವಳು ಹೊರಗೆ ಬಂದು ಬೆಂಚಿನ ಆ ತುದಿಯಲ್ಲಿ ಕೂತಳು. ಬಾಗಿಲು ತೆರೆದೇ ಇದ್ದುದರಿಂದ ಅವನಿಗೆ ಎಲ್ಲವೂ ಕೇಳಿಸಿತ್ತು.

"ರೈಲಾ?" ಎಂದ ಅವನು, ಇದ್ದಕ್ಕಿದ್ದಂತೆ. "ನಿಜವಾಗ್ಲೂ ರೈಲಾ?"

"ಹೂಂ. ಆ ಬಾವಿಯ ನೀರು ದಪ್ಪ ಜೇಡಿಮಣ್ಣಿನ ಕೆಳಗೆ ಸಿಕ್ಕಿಕೊಂಡಿದೆ. ಮೇಲೆ ಗಾಡಿ ಬಂದು ನಿಂತ್ರೆ, ಒದ್ದೆ ಸ್ಪಂಜನ್ನ ಅಂಗೈಯಿಂದ ಒತ್ತಿದ ಹಾಗೆ. ನೀರಿಗೆ ಹೋಗೋಕೆ ಬೇರೆ ದಾರಿ ಇಲ್ಲ, ಪೈಪಲ್ಲಿ ಮೇಲಕ್ಕೇರುತ್ತೆ. ಗಾಡಿ ಹೋದ್ರೆ, ಒತ್ತು ಬಿಟ್ಟ ಸ್ಪಂಜು ನೀರನ್ನ ಒಳಕ್ಕೆ ಎಳ್ಕೊಂಡ ಹಾಗೆ, ಮೊದಲಿಗಿಂತ ಒಂದಿಷ್ಟು ಕೆಳಗೇ ಇಳಿಯುತ್ತೆ."

"ಅಂದ್ರೆ ಎಂಟು ವರ್ಷ ನಾನು ಅಳೆದಿದ್ದು ರೈಲನ್ನಾ!" ಅವನ ಕಣ್ಣು ಅಗಲವಾಯಿತು. "ಹಾಗಾದ್ರೆ ಗಾಡಿ ತುಂಬಿದ್ರೆ ಜಾಸ್ತಿ, ಖಾಲಿ ಇದ್ರೆ ಕಮ್ಮಿ ಏರುತ್ತಾ? ಅಲ್ಲಾ, ಆರನೇ ಬಾವಿ ಹತ್ರ ಲಾರಿ..."

ಅಲ್ಲಿಗೆ ತಾನು ಕೋಪದಲ್ಲಿರುವುದು ನೆನಪಾಯಿತು. ಗಪ್ಪನೆ ಬಾಯಿ ಮುಚ್ಚಿದ. ಪಾಪ, ಎಷ್ಟು ಕಷ್ಟಪಟ್ಟು ಮುಖ ಊದಿಸಿಕೊಂಡನೆಂದರೆ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಒಂದು ಕೇಳ್ತೀನಿ. ನಿಜ ಹೇಳಿ," ಎಂದ ಮೆಲ್ಲಗೆ. "ಇವತ್ತು ರೈಲು ಬರದೇ ಇದ್ದಿದ್ರೆ... ನನ್ನ ನಂಬ್ತಿದ್ರಾ?"

'ನಂಬ್ತಿದ್ದೆ' ಎಂದುಬಿಟ್ಟರೆ ಮುಗಿಯಿತು. ಅವನು ನಗುತ್ತಾನೆ, ಎಲ್ಲ ಸರಿಹೋಗುತ್ತದೆ... ಅವಳ ಕಣ್ಣು ತುಂಬಿ ಬಂತು.

"ಇಲ್ಲ," ಎಂದಳು. "ನಂಬ್ತಿರಲಿಲ್ಲ. ಅದನ್ನ ನೆನೆಸಿಕೊಂಡ್ರೇನೇ ನನಗೆ ಭಯ ಆಗುತ್ತೆ."

ಅವನು ಅಂಗಿಯ ತೋಳಿನ ಇಸ್ತ್ರಿ ಗೆರೆಯನ್ನು ಬೆರಳಿನಿಂದ ಸವರುತ್ತ ಕೂತ. ಒಳಗೆ ಬೆರಳಚ್ಚು ಯಂತ್ರ ಟಕಟಕ ಎನ್ನುತ್ತಿತ್ತು.

"ಸುಳ್ಳು ಹೇಳಿದ್ರೆ ಎದ್ದು ಹೋಗ್ತಿದ್ದೆ," ಎಂದ ಕೊನೆಗೆ. "ಇನ್ನೊಂದ್ಸಲ ಇಂಥದ್ದು ಬಂದ್ರೆ?"

"ಮೊದಲು ನಿಮ್ಮನ್ನ ಕೇಳ್ತೀನಿ. ಜಗಳ ಆದ್ರೂ ಸರಿ, ನಿಮ್ಮನ್ನೇ ಕೇಳ್ತೀನಿ." ಅವಳು ಮೂಗೊರೆಸಿಕೊಂಡು, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿಕೊಂಡಳು. "ಈಗಲೇ ಒಂದು ಕೇಳ್ಲಾ?"

"ಕೇಳಿ."

"ನನ್ನ ಮದುವೆ ಆಗ್ತೀರಾ?"

ಅವನು ನೆಲ ನೋಡಿದ, ಚಾವಣಿ ನೋಡಿದ, ಆಮೇಲೆ ಅವಳನ್ನು ನೋಡಿದ. ತುಟಿಯಂಚಿನಲ್ಲಿ ನಗು ಇಣುಕಿದರೂ ಕಣ್ಣು ಒದ್ದೆಯಾಗಿತ್ತು.

"ಆಗ್ತೀನಿ. ಆದ್ರೆ ನನ್ನ ಕೋಪ ಇನ್ನೂ ಹೋಗಿಲ್ಲ."

"ಪರವಾಗಿಲ್ಲ," ಎಂದು ಅವಳು ಅವನ ಕೈ ಹಿಡಿದುಕೊಂಡಳು. "ಕೋಪ ಇಟ್ಕೊಂಡೇ ಬನ್ನಿ."