ಕಂದು ಮಾತ್ರೆ, ಬಿಳಿ ಔಷಧಿ

"ಬಾಯಿ ತೆಗಿ ಅಜ್ಜಿ, ಇನ್ನೊಂದು ಚಮಚ ಇದೆ," ಎಂದಳು ಕಡ್ಡಿ.

ಕಡ್ಡಿಯ ಹಾಗೆ ಸಪೂರವಾಗಿದ್ದುದಕ್ಕೆ ಅವಳಿಗೆ ಆ ಹೆಸರು. ಅಜ್ಜಿ ಮುಖ ಸಿಂಡರಿಸಿಕೊಂಡೇ ಬಾಯಿ ತೆರೆದರು. ಬಿಳಿ ಔಷಧಿ ಗಂಟಲಿಗಿಳಿಯಿತು. ಅದರ ಹಿಂದೆಯೇ ನುಣುಪಾದ ಕಂದು ಮಾತ್ರೆ, ಒಂದು ಲೋಟ ನೀರು.

ಅಜ್ಜಿ ಮೂವತ್ತು ವರ್ಷ ಶರ್ಟುಗಳಿಗೆ ಕಾಜಾ ಹೊಲಿದವರು. ಈಗ ಬೆರಳ ಗೆಣ್ಣುಗಳು ಊದಿಕೊಂಡು ನೋಯುತ್ತಿದ್ದವು. ಅದಕ್ಕೆಂದೇ ಡಾಕ್ಟರು ಕಂದು ಮಾತ್ರೆ ಬರೆದುಕೊಟ್ಟಿದ್ದರು. ಅಮ್ಮ ನಸುಕಿನಲ್ಲೇ ಬೇಕರಿಯ ಕೆಲಸಕ್ಕೆ ಹೊರಡುತ್ತಿದ್ದಳು. ಹಾಗಾಗಿ ತಿಂಡಿಯಾದ ಮೇಲೆ ಮಾತ್ರೆ ಕೊಡುವ ಜವಾಬ್ದಾರಿ ಕಡ್ಡಿಯದು.

ಬಿಳಿ ಔಷಧಿ ಮಾತ್ರ ಅವಳದೇ ಯೋಚನೆ. ಹೋದ ವಾರ ಅಜ್ಜಿ ಹೊಟ್ಟೆಯುರಿ ಎಂದಾಗ, "ಯಾರನ್ನ ನೋಡಿ?" ಎಂದು ಅವಳು ಕಿಸಕ್ಕನೆ ನಕ್ಕಿದ್ದಳು. ಆಮೇಲೆ ಪಾಪ ಅನ್ನಿಸಿ, ಅಮ್ಮನ ಎದೆಯುರಿಗೆ ಎಂದೋ ತಂದಿದ್ದ ಬಾಟಲಿಯನ್ನು ಕಪಾಟಿನಿಂದ ಹುಡುಕಿ ತೆಗೆದಿದ್ದಳು.

ಆದರೆ ಉರಿ ಹೆಚ್ಚುತ್ತಲೇ ಹೋಯಿತು. ಒಂದು ಚಮಚ ಎರಡಾಯಿತು. ಬಾಟಲಿ ಖಾಲಿಯಾದ ದಿನ ಸ್ಕೂಲ್ ಬಿಟ್ಟ ಕೂಡಲೇ ಕಡ್ಡಿ ರಸ್ತೆ ತುದಿಯ ಮೆಡಿಕಲ್ ಶಾಪಿಗೆ ಓಡಿದಳು.

ಅಂಗಡಿಯ ಆಂಟಿ ಬಾಟಲಿ ಕೊಡುವ ಬದಲು, ಯಾರಿಗೆ, ಜೊತೆಗೆ ಬೇರೆ ಏನು ಕೊಡುತ್ತೀ ಎಂದು ವಿಚಾರಿಸಿದರು. ಕಡ್ಡಿ ಎಲ್ಲವನ್ನೂ ಹೇಳಿದಳು. ಆಂಟಿ ಅದೇ ಕಂದು ಮಾತ್ರೆಗಳ ಸ್ಟ್ರಿಪ್ ಒಂದನ್ನು ಅವಳ ಮುಂದಿಟ್ಟರು.

"ಇದು ಹೊಟ್ಟೇಲಿ ಕರಗಿದ್ರೆ ಅಲ್ಲೇ ಉರಿಸುತ್ತೆ ಪುಟ್ಟಾ. ಅದಕ್ಕೇ ಮೇಲೊಂದು ಕೋಟಿಂಗ್ ಇದೆ. ಹೊಟ್ಟೆಯ ಆಸಿಡ್‌ಗೆ ಅದು ಜಗ್ಗಲ್ಲ. ಮುಂದೆ ಕರುಳಲ್ಲಿ ಅಷ್ಟು ಆಸಿಡ್ ಇರಲ್ಲ, ಅಲ್ಲಿ ಕರಗುತ್ತೆ."

ಕಡ್ಡಿ ಸ್ಟ್ರಿಪ್ ಎತ್ತಿ ತಿರುಗಿಸಿ ನೋಡಿದಳು. "ಬಿಳಿ ಔಷಧಿ ಆಸಿಡ್ ಕಡಿಮೆ ಮಾಡುತ್ತಲ್ವಾ? ಹಾಗಾದ್ರೆ ಮಾತ್ರೆ ಹೊಟ್ಟೇಲೇ ಕರಗಿಬಿಡುತ್ತಾ?"

"ಹಾಗಾಗಬಹುದು. ಎರಡರ ಮಧ್ಯೆ ಎರಡು ಗಂಟೆಯಾದ್ರೂ ಬಿಡಬೇಕು."

ಮೊದಲು ಡಾಕ್ಟರಿಗೆ ತೋರಿಸಿ, ಇವತ್ತೇ ತೋರಿಸಿ ಎಂದು ಆಂಟಿ ಅಮ್ಮನಿಗೆ ಚೀಟಿ ಬರೆದುಕೊಟ್ಟರು. ಮನೆ ಸೇರುವಷ್ಟರಲ್ಲಿ ಕಡ್ಡಿಯ ಮುಷ್ಟಿಯಲ್ಲಿ ಚೀಟಿ ಬೆವರಿಗೆ ಒದ್ದೆಯಾಗಿತ್ತು. ಅವಳು ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದಳು. ಅಮ್ಮ ಬಯ್ಯಲಿಲ್ಲ. ನಾನೇ ನಿನ್ನನ್ನು ಕೇಳಬೇಕಿತ್ತು ಎಂದವಳೇ ಚಪ್ಪಲಿ ಮೆಟ್ಟಿದಳು.

ಡಾಕ್ಟರು ಕಂದು ಮಾತ್ರೆ ನಿಲ್ಲಿಸಿ, ಹೊಟ್ಟೆಯುರಿ ವಾಸಿಯಾಗಲು ಬೇರೆ ಔಷಧಿ ಕೊಟ್ಟರು. ಬರುವಾಗ ಬಸ್ಸಿನಲ್ಲಿ ಅಜ್ಜಿ ಮೆಲ್ಲಗೆ ಹೇಳಿದರು: "ಆ ಬಿಳಿ ಔಷಧಿ ಕುಡಿದ ಮೇಲೆ ಜಾಸ್ತಿ ಉರೀತಿದೆ ಅಂತ ನಂಗೆ ಮೂರನೇ ದಿನಾನೇ ಗೊತ್ತಾಗಿತ್ತು."

"ಮತ್ಯಾಕೆ ಕುಡಿದೆ?"

"ನೀನು ಚಮಚ ಹಿಡ್ಕೊಂಡು ಅಷ್ಟು ಆಸೆಯಿಂದ ನಿಂತಿರ್ತಿದ್ದೆಯಲ್ಲ."



ಮರುದಿನ ಬೆಳಗ್ಗೆ, ಹೊಟ್ಟೆ ಹೇಗಿದೆ ಎಂದು ಕಡ್ಡಿ ಕೇಳಿದಳು. ಏನೂ ಇಲ್ಲ ಹೋಗು, ಸ್ಕೂಲ್ ಬಸ್ ಬರುತ್ತೆ ಎಂದರು ಅಜ್ಜಿ. ಅವಳು ಹೋಗಲಿಲ್ಲ. ಬ್ಯಾಗು ಕೆಳಗಿಟ್ಟು, ಅಜ್ಜಿಯ ಪಕ್ಕ ಒತ್ತಿ ಕೂತು, ಅವರ ಮುಖವನ್ನೇ ನೋಡುತ್ತಿದ್ದಳು.

"ಸ್ವಲ್ಪ ಉರಿ ಇದೆ ಕಣೇ," ಎಂದರು ಅಜ್ಜಿ ಕೊನೆಗೆ.

ಕಡ್ಡಿ ಕಪಾಟಿನ ಕಡೆ ಓಡಲಿಲ್ಲ. ಅಜ್ಜಿಯ ಊದಿದ ಬೆರಳುಗಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಹಾರ್ನ್ ಕೇಳುವವರೆಗೂ ಹಾಗೇ ಕೂತಿದ್ದಳು.