ನಂಟಿಲ್ಲದ ಮೂರು ದಿನ

ದಾವಣಗೆರೆಯಿಂದ ಧಾರವಾಡಕ್ಕೆ ಹೊರಟ ಬಸ್ಸು ಹರಿಹರ ದಾಟುವಷ್ಟರಲ್ಲಿ ಚಾಲಕನ ಪಕ್ಕದ ನಂಟುಶೋಧಕ ಎರಡು ಬಾರಿ ಮಿನುಗಿತು. ಮುಂದಿನ ಸೀಟಿನ ಹೆಂಗಸು ತನ್ನ ಕೈಪಟ್ಟಿ ನೋಡಿಕೊಂಡು, ಎದ್ದು ಬಂದು, ನೀಲಾಂಬಿಕೆಯ ಪಕ್ಕದಲ್ಲೇ ಕುಳಿತುಬಿಟ್ಟಳು. ಅವಳ ತಂಗಿಯ ಓರಗಿತ್ತಿಯ ತವರೂ ನೀಲಾಂಬಿಕೆಯ ಅತ್ತಿಗೆಯ ಸೋದರಮಾವನ ಮನೆಯೂ ಒಂದೇ ಅಂತೆ. ಹಾವೇರಿ ಬರುವುದರೊಳಗೆ ಆ ತಾಯಿ ಬುತ್ತಿ ಬಿಚ್ಚಿ ಎರಡು ರೊಟ್ಟಿ ತಿನ್ನಿಸಿದಳು. ಮದುವೆ ಯಾಕೆ ಆಗಲಿಲ್ಲ ಎಂದು ಮೂರು ಸಲ ಕೇಳಿದಳು.

ಬಾದರಾಯಣ ಸಂಬಂಧ ಎಂದು ನಾವೆಲ್ಲ ನಗುತ್ತಿದ್ದುದನ್ನೇ ವಿಜ್ಞಾನ ಯಂತ್ರ ಮಾಡಿಬಿಟ್ಟಿತ್ತು. ಪ್ರತಿಯೊಬ್ಬರ ಮಣಿಕಟ್ಟಿನಲ್ಲೂ ಒಂದು ಗುರುತುಪಟ್ಟಿ. ಅದರೊಳಗೆ ಅವರ ನೆಂಟರಿಷ್ಟರ ಜಾಲ. ಒಂದು ನಂಟಿಗೆ ಒಂದು ಕೊಂಡಿ ಎಂದು ಹಿಡಿದರೆ, ನಾಡಿನ ಯಾವ ಇಬ್ಬರ ನಡುವೆಯೂ ಏಳು ಕೊಂಡಿಗಿಂತ ಹೆಚ್ಚು ದೂರವಿಲ್ಲ ಎನ್ನುತ್ತಿತ್ತು ಜಾಹೀರಾತು. ಒಂಟಿ ಪ್ರಯಾಣಿಕರು ಬಸ್ಸು ಹತ್ತಲಿ, ವಸತಿಗೃಹಕ್ಕೆ ಹೋಗಲಿ, ಬೀದಿಗೋ ಕಡಲದಂಡೆಗೋ ಕಾಲಿಡಲಿ, ಅಲ್ಲಿನ ನಂಟುಶೋಧಕ ಹತ್ತಿರದ ಕೊಂಡಿಯವರನ್ನು ಹುಡುಕಿ ಸುದ್ದಿ ಮುಟ್ಟಿಸುತ್ತದೆ. ಈ ಯಂತ್ರ ಬಂದ ಮೇಲೆ ಹೆಣ್ಣುಮಕ್ಕಳು ಒಂಟಿಯಾಗಿ ತಿರುಗಾಡಲು ಮನೆಯವರು ಹೂಂ ಎಂದರು. ಒಂಟಿಯಾಗಿ ತಿರುಗಾಡುವುದು ಮಾತ್ರ ನಿಂತೇಹೋಯಿತು.

ನೀಲಾಂಬಿಕೆಗೆ ನಲವತ್ತಾರು. ಪ್ರೌಢಶಾಲೆಯ ಗಣಿತದ ಮೇಷ್ಟ್ರಮ್ಮ. ಅಣ್ಣನ ಮನೆಯಲ್ಲಿದ್ದುಕೊಂಡು ಅಣ್ಣನ ಮಕ್ಕಳನ್ನು ಬೆಳೆಸಿದವಳು. ಯಾರದೋ ತಂಗಿ, ಯಾರದೋ ಅತ್ತೆ ಆಗದೆ ಒಂದು ದಿನವನ್ನೂ ಕಳೆದವಳಲ್ಲ. ಕಾರವಾರದ ಕಡಲ ಮುಂದೆ ಮೂರು ದಿನ ಒಬ್ಬಳೇ ಕೂರಬೇಕು ಎಂಬುದಷ್ಟೇ ಅವಳ ಆಸೆ. ಒಂದು ವರ್ಷದಿಂದ ಬಸ್ಸಿನ ವೇಳೆ, ಕೋಣೆ, ಎಷ್ಟು ಸೀರೆ ಎಂದೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ಬರೆದು ಹೊಡೆದುಹಾಕಿದ್ದಳು. ಕೂತರೆ ಕೂರಲಾರಳು, ನಿಂತರೆ ನಿಲ್ಲಲಾರಳು. ಕಡೆಗೆ, ಯಂತ್ರ ಕಂಡುಹಿಡಿದವರನ್ನೇ ಕಂಡು ತನ್ನ ಹೆಸರನ್ನು ಮೂರು ದಿನ ಜಾಲದಿಂದ ಬಿಡಿಸಿಕೊಳ್ಳೋಣ ಎಂದು ಧಾರವಾಡಕ್ಕೆ ಹೊರಟಿದ್ದಳು.

ಸಂಶೋಧನಾಲಯದಲ್ಲಿ ಡಾ. ವಸುಮತಿ ಒಬ್ಬರೇ ಇದ್ದರು. ಐವತ್ತರ ಆಸುಪಾಸಿನ ಸಣಕಲು ಹೆಂಗಸು. ಬಿಡಿಸುವುದು ಆಗದು ಎಂದರು. ಹೆಣೆದ ಬುಟ್ಟಿಯಿಂದ ಒಂದು ಸೀಳು ಎಳೆದರೆ ಸುತ್ತಲಿನ ಹೆಣಿಗೆಯೂ ಸಡಿಲವಾಗುತ್ತದೆ. ಹಾಗೆಯೇ ಒಬ್ಬರ ಹೆಸರು ತೆಗೆದರೆ ಸಾವಿರಾರು ಜನರ ಕೊಂಡಿ ತಪ್ಪುತ್ತದೆ. ನೀಲಾಂಬಿಕೆ ಗಣಿತದವಳು, ಅಷ್ಟಕ್ಕೆ ಬಿಡಲಿಲ್ಲ. ಯಾರ ನಂಟೂ ಇಲ್ಲದವರು ಬಸ್ಸು ಹತ್ತಿದರೆ ಏನಾಗುತ್ತದೆ ಎಂದು ಕೇಳಿದಳು.

"ಏನೂ ಆಗಲ್ಲ. ದೀಪ ಮಿನುಗಲ್ಲ. ಯಾರೂ ತಿರುಗಿ ನೋಡಲ್ಲ."

"ಅಂಥೋರು ಯಾರಾದ್ರೂ ಅದಾರೇನ್ರಿ?"

"ನಾನಿದೀನಿ."

ವಸುಮತಿ ಬೆಳೆದದ್ದು ಅನಾಥಾಲಯದಲ್ಲಿ. ತನ್ನವರು ಎಲ್ಲಾದರೂ ಇದ್ದಾರೆಯೇ ಎಂದು ಹುಡುಕಲೆಂದೇ ಯಂತ್ರ ಕಟ್ಟಿದ್ದರು. ಮೊದಲ ದಿನವೇ ತಮ್ಮ ಹೆಸರು ಕೊಟ್ಟು ನೋಡಿದ್ದರು. ಸೊನ್ನೆ ಬಂತು. ಹದಿನಾಲ್ಕು ವರ್ಷದ ಮೇಲೂ ಸೊನ್ನೆಯೇ.

ನೀಲಾಂಬಿಕೆಗೆ ಅಯ್ಯೋ ಎನ್ನಿಸಿತು. ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಆಯಿತು, ಆದದ್ದಕ್ಕೆ ನಾಚಿಕೆಯೂ ಆಯಿತು. ಅವಳ ಕಣ್ಣು ವಸುಮತಿಯವರ ಕೈಪಟ್ಟಿಯ ಮೇಲೆ, ಅವರ ಕಣ್ಣು ಇವಳ ಕೈಪಟ್ಟಿಯ ಮೇಲೆ. ಪಟ್ಟಿ ಅದಲುಬದಲು ಮಾಡುವುದು ಅಪರಾಧ. ಸಿಕ್ಕಿಬಿದ್ದರೆ ಇಬ್ಬರ ನೌಕರಿಯೂ ಹೋಗುತ್ತದೆ. ಆದರೆ ಏಳನೆಯ ಕೊಂಡಿಯ ನಂಟರಿಗೆ ಮುಖದ ಗುರುತು ಎಲ್ಲಿರುತ್ತದೆ? ಮೂರು ದಿನಕ್ಕೆಂದು ಇಬ್ಬರೂ ಪಟ್ಟಿ ಬಿಚ್ಚಿ ಕೊಟ್ಟುಕೊಂಡರು.

ಕಾರವಾರದ ಬಸ್ಸಿನಲ್ಲಿ ದೀಪ ಮಿನುಗಲಿಲ್ಲ. ಯಲ್ಲಾಪುರದವರೆಗೂ ನೀಲಾಂಬಿಕೆ ಒಳಗೊಳಗೇ ಹಿಗ್ಗಿದಳು. ಕಡಲು ಕಂಡಾಗ ಕಣ್ಣಲ್ಲಿ ನೀರು ಬಂತು, ಯಾಕೆ ಎಂದು ಕೇಳುವವರಿರಲಿಲ್ಲ. ಅದೇ ಬೇಕಾಗಿತ್ತು. ಆದರೆ ಎರಡನೆಯ ದಿನ ಬಂಡೆಯ ಮೇಲೆ ಜಾರಿ ಬಿದ್ದಳು. ಹತ್ತು ಹೆಜ್ಜೆ ದೂರದಲ್ಲಿದ್ದವರು ತಮ್ಮ ಪಟ್ಟಿ ನೋಡಿಕೊಂಡರು. ಸುದ್ದಿಯೇನೂ ಬಂದಿರಲಿಲ್ಲ, ಸುಮ್ಮನೆ ನಡೆದರು. ಯಂತ್ರ ಹೇಳದಿದ್ದರೆ ಕೈಹಿಡಿದು ಎಬ್ಬಿಸುವುದನ್ನೂ ಜನ ಮರೆತಿದ್ದರು. ರಾತ್ರಿಯೆಲ್ಲ ಕಾಲು ನೋಯಿತು. ಸಾಕಪ್ಪ ಈ ಸೊನ್ನೆ, ಬೆಳಿಗ್ಗೆ ಪಟ್ಟಿ ವಾಪಸ್ಸು ಕೇಳುತ್ತೇನೆ ಎಂದುಕೊಂಡಳು.

ಬೆಳಿಗ್ಗೆ ವಸುಮತಿಯವರೇ ಫೋನ್ ಮಾಡಿದರು. ಅವರು ಬಾದಾಮಿಗೆ ಹೋಗಿದ್ದರು.

"ಇಲ್ಲೊಬ್ಬ ಅಜ್ಜಿ ನನ್ನ ಗಲ್ಲ ಹಿಡಿದು, ಯಾಕವ್ವಾ ಇಷ್ಟು ಸೊರಗೀ ಅಂತ ಕೇಳಿದ್ರು. ನನ್ನನ್ನ ಇದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ, ನೀಲಾಂಬಿಕೆಯವರೇ. ಈ ಪಟ್ಟಿ ಇನ್ನೆರಡು ದಿನ ನನ್ನ ಹತ್ರಾನೇ ಇರ್ಲಾ?"

ನಾಲಿಗೆಯ ತುದಿಗೆ ಬಂದಿದ್ದುದನ್ನು ನೀಲಾಂಬಿಕೆ ನುಂಗಿಕೊಂಡಳು. "ಇರಲಿ ಬಿಡ್ರಿ," ಎಂದಳು.

ಫೋನ್ ಇಟ್ಟು, ಕುಂಟುತ್ತಾ ಎಳನೀರು ಮಾರುವವಳ ಬಳಿ ಹೋಗಿ ನಿಂತಳು. ಮಾತು ಹೇಗೆ ಶುರು ಮಾಡುವುದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಬೇರೆಯವರೇ ಶುರು ಮಾಡುತ್ತಿದ್ದರು.

"ಬಿಸಿಲು ಭಾಳ ಐತಲ್ಲವ್ವಾ," ಎಂದಳು.

ಆಕೆ ಬೆಚ್ಚಿದವಳಂತೆ ತನ್ನ ಪಟ್ಟಿ ನೋಡಿಕೊಂಡಳು. ಅದು ಸುಮ್ಮನಿತ್ತು. "ನೀವು ಯಾರ ಪೈಕಿ?"

"ಯಾರ ಪೈಕಿನೂ ಅಲ್ಲ. ನೀಲಾಂಬಿಕೆ ಅಂತ. ಒಬ್ಬಾಕಿನೇ ಬಂದೀನಿ."

ಆಕೆ ಕತ್ತಿ ಕೆಳಗಿಟ್ಟು, ಈ ಅಪರಿಚಿತೆಯ ಊದಿದ ಕಾಲನ್ನು ನೋಡಿದಳು. ಆಮೇಲೆ ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.